ತುಮಕೂರಿನ ಕೆಮ್ಮು

ಸರ್ಕಾರಿ ಆಸ್ಪತ್ರೆಗೆ ಹೊರಟವರು ಮನೆಯಿಂದಲೇ ಖಾಲಿ ಸೀಸೆಯೊಂದನ್ನು ತೊಳೆದು ಒಯ್ಯುತ್ತಿದ್ದ ಕಾಲ ಹಳೆಯ ತಲೆಮಾರಿಗೆ ಚೆನ್ನಾಗಿ ನೆನಪಿದೆ. ಡಾಕ್ಟರು ಚೀಟಿ ಬರೆಯುವರು, ಕಾಂಪೌಂಡರು ದೊಡ್ಡ ಜಾಡಿಯಿಂದ ಬಣ್ಣದ ಮಿಕ್ಸ್‌ಚರ್ ಸುರಿದು ಕೊಡುವರು. ಜ್ವರಕ್ಕೊಂದು ಬಣ್ಣ, ಹೊಟ್ಟೆನೋವಿಗೊಂದು ಬಣ್ಣ, ಕೆಮ್ಮಿಗೆ ಮತ್ತೊಂದು. 1960ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ತುಮಕೂರು ಜಿಲ್ಲೆಗೆ ಹೋದ ಸಂಶೋಧಕರ ಕಣ್ಣು ಈ ಕೆಮ್ಮಿನ ಸೀಸೆಯ ಮೇಲೆ ಬಿತ್ತು. ಕ್ಷಯರೋಗದ ವಿಷಯದಲ್ಲಿ ಜನರ ನಡವಳಿಕೆಯ ಬಗ್ಗೆ ಅದುವರೆಗೆ ಎಲ್ಲರೂ ನಂಬಿದ್ದ ಒಂದು ಮಾತನ್ನು ಆ ಸೀಸೆ ಸುಳ್ಳು ಮಾಡಿತು.

ಆ ಮಾತು ಇಷ್ಟೇ: ಜನ ಬರುವುದಿಲ್ಲ. ಹಳ್ಳಿಯವರಿಗೆ ರೋಗದ ತಿಳಿವಳಿಕೆ ಇಲ್ಲ, ಕೆಮ್ಮಿ ಕೆಮ್ಮಿ ರಕ್ತ ಬಂದರೂ ಮಂತ್ರ ತಂತ್ರ ಎಂದು ಕೂರುತ್ತಾರೆ, ಅವರನ್ನು ಹುಡುಕಿಕೊಂಡು ಸರ್ಕಾರವೇ ಹೋಗಬೇಕು. ಆರೋಗ್ಯ ಇಲಾಖೆಯ ಬಹುತೇಕ ಮಂದಿ ಇದನ್ನು ಪ್ರಾಮಾಣಿಕವಾಗಿಯೇ ನಂಬಿದ್ದರು. ನಿಜವೇ ಎಂದು ಯಾರೂ ಹೋಗಿ ಕೇಳಿರಲಿಲ್ಲ.

ಆಗ ಈ ಪ್ರಶ್ನೆ ಎಷ್ಟು ತುರ್ತಿನದಾಗಿತ್ತು ಎಂಬುದಕ್ಕೆ ಹಿಂದಿನ ಕೆಲವು ವರ್ಷಗಳನ್ನು ನೋಡಬೇಕು. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಭಾಗಗಳಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಕ್ಷಯವೆಂದರೆ ಗಿರಣಿಗಳ ಹೊಗೆ, ಇಕ್ಕಟ್ಟಿನ ವಠಾರ, ಪಟ್ಟಣದ ಕಾಯಿಲೆ ಎಂಬ ಕಲ್ಪನೆ ಅಲ್ಲಿಗೆ ಮುರಿದುಬಿತ್ತು. ಪಟ್ಟಣದಲ್ಲಿರುವಷ್ಟೇ ರೋಗ ಹಳ್ಳಿಯಲ್ಲೂ ಇತ್ತು. ದೇಶದ ಬಹುಪಾಲು ಜನ ಹಳ್ಳಿಗಳಲ್ಲೇ ಇದ್ದುದರಿಂದ ಬಹುಪಾಲು ರೋಗಿಗಳೂ ಅಲ್ಲೇ ಇದ್ದರು.

ಅಷ್ಟು ಜನರಿಗೆ ಹಾಸಿಗೆ ಎಲ್ಲಿಂದ ತರುವುದು? ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಸ್ಯಾನಟೋರಿಯಂ ಎದ್ದಿತ್ತು. ಮದನಪಲ್ಲಿಯ ಬಳಿ ಮಿಷನರಿಗಳ ಆರೋಗ್ಯವರಂ ಇತ್ತು. ಮರಗಳ ನಡುವೆ ಗಾಳಿ ಬೆಳಕಿನ ವಾರ್ಡುಗಳು, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಆದರೆ ಹೊರಗೆ ಕಾಯುತ್ತಿದ್ದವರ ಲೆಕ್ಕದ ಮುಂದೆ ದೇಶದ ಎಲ್ಲ ಸ್ಯಾನಟೋರಿಯಂಗಳ ಹಾಸಿಗೆಗಳೂ ಏನೇನೂ ಸಾಲುತ್ತಿರಲಿಲ್ಲ.

ಬಾಗಿಲು ತೆರೆದದ್ದು ಮದರಾಸು. 1956ರಲ್ಲಿ ಅಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ ಬ್ರಿಟನ್ನಿನ ವೈದ್ಯ ವಾಲೇಸ್ ಫಾಕ್ಸ್ ಮತ್ತು ಅವರ ಭಾರತೀಯ ಸಂಗಡಿಗರು ಊರಿನ ಬಡ ಬಡಾವಣೆಗಳ 193 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ಯಾನಟೋರಿಯಂ, ಇನ್ನೊಂದಕ್ಕೆ ಮನೆ. ಔಷಧಿ ಎರಡು ಗುಂಪಿಗೂ ಒಂದೇ. ಮನೆಯ ಗುಂಪಿನವರು ಕಿಷ್ಕಿಂಧೆಯಂಥ ಕೋಣೆಗಳಲ್ಲಿ ಮಲಗಿದರು, ಅರೆಹೊಟ್ಟೆ ಉಂಡರು, ಕೆಲವರು ಕೆಲಸಕ್ಕೂ ಹೋದರು. ಆದರೂ ವರ್ಷದ ಕೊನೆಗೆ ಎರಡೂ ಗುಂಪುಗಳ ಫಲಿತಾಂಶ ಹೆಚ್ಚುಕಡಿಮೆ ಸಮವಾಗಿತ್ತು. 1959ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನ ಸ್ಯಾನಟೋರಿಯಂಗಳ ಯುಗವನ್ನೇ ಮುಗಿಸಲು ನೆರವಾಯಿತು. ಇನ್ನು ಹಾಸಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಎರಡು: ರೋಗಿ ಸಿಗಬೇಕು, ಸಿಕ್ಕವನು ವರ್ಷಪೂರ್ತಿ ಮಾತ್ರೆ ನುಂಗಬೇಕು. ಎರಡೂ ಮನುಷ್ಯರ ನಡವಳಿಕೆಯ ಪ್ರಶ್ನೆಗಳು.

ಇದೇ ಪ್ರಶ್ನೆಯನ್ನು ಅಮೆರಿಕ ಸ್ವಲ್ಪ ಮೊದಲೇ ಎದುರಿಸಿತ್ತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಊರೂರುಗಳಲ್ಲಿ ಎಕ್ಸ್‌ರೇ ಯಂತ್ರ ಹೊತ್ತ ವ್ಯಾನುಗಳು ಓಡಾಡುತ್ತಿದ್ದವು. ಬೀದಿಯ ತುದಿಯಲ್ಲೇ ವ್ಯಾನು, ಕಾಸಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಆದರೂ ಬಾರದೇ ಉಳಿದವರು ಬಹಳ. ಇದೇಕೆ ಎಂದು ತಿಳಿಯಲು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯವರು ವೈದ್ಯರನ್ನು ಬಿಟ್ಟು ಮನೋವಿಜ್ಞಾನಿಗಳನ್ನು ಕರೆದರು. ಅವರಲ್ಲೊಬ್ಬರು ವಿಯೆನ್ನಾದಲ್ಲಿ ಹುಟ್ಟಿದ ಗಾಡ್‌ಫ್ರೀ ಹಾಕ್‌ಬಾಮ್.

ಹಾಕ್‌ಬಾಮ್ 1952ರಲ್ಲಿ ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್ ಎಂಬ ಮೂರು ನಗರಗಳ ಸಾವಿರದ ಇನ್ನೂರರಷ್ಟು ಜನರನ್ನು ಮಾತನಾಡಿಸಿದರು. ಅವರು ಕೇಳಿದ್ದು ಕ್ಷಯದ ಬಗ್ಗೆ ಏನು ಗೊತ್ತು ಎಂದಲ್ಲ. ನನಗೂ ಕ್ಷಯ ಬಂದೀತು, ಬಂದರೂ ಮೊದಮೊದಲು ನನಗೆ ಗೊತ್ತೇ ಆಗದಿದ್ದೀತು ಎಂದು ಅನ್ನಿಸುತ್ತದೆಯೇ? ಬೇಗ ಪತ್ತೆಯಾದರೆ ಲಾಭವಿದೆ ಎಂಬ ನಂಬಿಕೆ ಇದೆಯೇ? ಎರಡಕ್ಕೂ ಹೌದು ಎಂದವರಲ್ಲಿ ನೂರಕ್ಕೆ 82 ಮಂದಿ ತಾವಾಗಿಯೇ ಹೋಗಿ ಎಕ್ಸ್‌ರೇ ಮಾಡಿಸಿಕೊಂಡಿದ್ದರು. ಎರಡೂ ನಂಬಿಕೆ ಇಲ್ಲದವರಲ್ಲಿ ಹಾಗೆ ಮಾಡಿದವರು ನೂರಕ್ಕೆ 21 ಮಾತ್ರ.

ಮಾಹಿತಿ ಬೇರೆ, ನಂಬಿಕೆ ಬೇರೆ ಎಂಬುದನ್ನು ಅಂಕಿಗಳಲ್ಲಿ ತೋರಿಸಿದ ಮೊದಲ ಅಧ್ಯಯನಗಳಲ್ಲಿ ಇದೂ ಒಂದು. ಕ್ಷಯ ಅಂಟುರೋಗ ಎಂದು ಎಲ್ಲರಿಗೂ ಗೊತ್ತಿರಬಹುದು, ಆದರೆ ಅದು ಅಂಟುವುದು ಪಕ್ಕದ ಮನೆಯವರಿಗೆ ಎಂದು ಪ್ರತಿಯೊಬ್ಬರೂ ನೆಮ್ಮದಿಯಿಂದಿರಬಹುದು. ಹಾಕ್‌ಬಾಮ್, ಅರ್ವಿನ್ ರೋಸನ್‌ಸ್ಟಾಕ್ ಮತ್ತು ಅವರ ಜೊತೆಗಾರರು ಇದನ್ನೇ ಬೆಳೆಸಿ 'ಆರೋಗ್ಯ ನಂಬಿಕೆಯ ಮಾದರಿ' ಎಂಬ ಸಿದ್ಧಾಂತ ಕಟ್ಟಿದರು. ರೋಗ ತನಗೂ ಬರಬಹುದು, ಬಂದರೆ ಅದು ಗಂಭೀರ, ಪರಿಹಾರದಿಂದ ಲಾಭವಿದೆ, ಆ ಲಾಭ ದಾರಿಯ ತೊಡಕುಗಳಿಗಿಂತ ದೊಡ್ಡದು: ಈ ನಾಲ್ಕು ಎಣಿಕೆಗಳು ಒಳಗೆ ಕೂಡಿಬಂದಾಗ ಮನುಷ್ಯ ಹೆಜ್ಜೆ ಎತ್ತಿಡುತ್ತಾನೆ ಎಂಬುದು ಅದರ ತಿರುಳು. ಇವತ್ತಿಗೂ ಲಸಿಕೆಯಿಂದ ಹಿಡಿದು ಸ್ತನ ಕ್ಯಾನ್ಸರಿನ ತಪಾಸಣೆಯವರೆಗೆ ಆರೋಗ್ಯ ಶಿಕ್ಷಣದ ಪಾಠಗಳಲ್ಲಿ ಈ ಮಾದರಿ ಬಳಕೆಯಲ್ಲಿದೆ. ಅದರ ಹುಟ್ಟು ಕ್ಷಯದ ವ್ಯಾನಿನ ಬಾಗಿಲಲ್ಲಿ ಎಂಬುದು ಅನೇಕರಿಗೆ ತಿಳಿಯದು.

ಈ ಸಿದ್ಧಾಂತದಲ್ಲಿ ಒಂದು ವಿಷಯವನ್ನು ಮಾತ್ರ ಪ್ರಶ್ನೆಯೇ ಇಲ್ಲದೆ ಒಪ್ಪಿಕೊಳ್ಳಲಾಗಿತ್ತು. ವ್ಯಾನು ಅಲ್ಲೇ ನಿಂತಿದೆ, ಒಳಗೆ ಹೋದವನಿಗೆ ಎಕ್ಸ್‌ರೇ ಖಂಡಿತ ಸಿಗುತ್ತದೆ ಎಂಬುದು. ಅಮೆರಿಕದ ನಗರದಲ್ಲಿ ಅದು ನಿಜವೇ ಆಗಿತ್ತು. ತುಮಕೂರಿನಲ್ಲಿ?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 'ಅವಲಾನ್' ಎಂಬ ಹಳೆಯ ಬಂಗಲೆಯ ಆವರಣದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಹುಟ್ಟಿತು. ಮರುವರ್ಷ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿತ್ತವು. ಇಡೀ ದೇಶಕ್ಕೆ ಹೊಂದುವ ಕ್ಷಯ ನಿಯಂತ್ರಣ ಕಾರ್ಯಕ್ರಮವೊಂದನ್ನು ರೂಪಿಸಿಕೊಡುವುದು ಅದಕ್ಕೆ ವಹಿಸಿದ ಕೆಲಸ. ಎದೆ ವೈದ್ಯರು, ಅಂಕಿಅಂಶ ತಜ್ಞರು, ಪ್ರಯೋಗಾಲಯದವರ ಜೊತೆಗೆ ಸಮಾಜ ವಿಜ್ಞಾನದವರನ್ನೂ ಒಂದೇ ಸೂರಿನಡಿ ಕೂರಿಸಿದ್ದು ಆ ಸಂಸ್ಥೆಯ ಹೆಚ್ಚುಗಾರಿಕೆ. ಅಂಥವರಲ್ಲಿ ದೇಬಬರ್ ಬ್ಯಾನರ್ಜಿ ಒಬ್ಬರು. ವೈದ್ಯರಾಗಿದ್ದೂ ಮಾನವಶಾಸ್ತ್ರವನ್ನು ಓದಿಕೊಂಡಿದ್ದವರು. ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಅವರ ಜೊತೆಯಾದರು.

ತುಮಕೂರು ಜಿಲ್ಲೆಯಲ್ಲಿ ಆಗಷ್ಟೇ ಸಂಸ್ಥೆಯ ತಂಡ ಮನೆಮನೆಯವರನ್ನು ಕರೆತಂದು ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿತ್ತು. ಯಾರ ಎದೆಯಲ್ಲಿ ರೋಗವಿದೆ ಎಂಬುದು ಸಂಸ್ಥೆಗೆ ಗೊತ್ತಿತ್ತು, ಆ ಜನರಿಗಿನ್ನೂ ಗೊತ್ತಿರಲಿಲ್ಲ. ಬ್ಯಾನರ್ಜಿ ಮತ್ತು ಆಂಡರ್ಸನ್ ಈ ಅವಕಾಶವನ್ನು ಬಳಸಿಕೊಂಡರು. ರೋಗವಿದ್ದವರ ಮನೆಗೂ, ಹೋಲಿಕೆಗೆಂದು ರೋಗವಿಲ್ಲದವರ ಮನೆಗೂ ಸಂದರ್ಶಕರನ್ನು ಕಳಿಸಿದರು. ಪ್ರಶ್ನೆಗಳು ನೇರ, ಸರಳ. ಮೈಯಲ್ಲಿ ಏನಾದರೂ ತೊಂದರೆ ಇದೆಯೇ? ಅದರ ಬಗ್ಗೆ ಚಿಂತೆ ಇದೆಯೇ? ಅದಕ್ಕಾಗಿ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ?

ಅರಿವು, ಆತಂಕ, ಹೆಜ್ಜೆ. ಮೂರು ಮೆಟ್ಟಿಲು. ಜನ ಮೊದಲ ಮೆಟ್ಟಿಲಲ್ಲೇ ಎಡವುತ್ತಾರೆ ಎಂಬುದು ಎಲ್ಲರ ಊಹೆಯಾಗಿತ್ತು.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕೆಯಲ್ಲಿ ಫಲಿತಾಂಶ ಬಂತು. ಕಫದಲ್ಲಿ ಕ್ಷಯದ ರೋಗಾಣು ಕಂಡವರ ಪೈಕಿ ನೂರಕ್ಕೆ 95 ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಚೆನ್ನಾಗಿ ತಿಳಿದಿತ್ತು. ಮುಕ್ಕಾಲು ಪಾಲಿನಷ್ಟು ಮಂದಿ ಅದರ ಬಗ್ಗೆ ಚಿಂತೆಯಲ್ಲಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಅದಾಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಮೈಲುಗಟ್ಟಲೆ ನಡೆದು, ಒಂದು ದಿನದ ಕೂಲಿ ಬಿಟ್ಟು, ಸರದಿಯಲ್ಲಿ ಕಾದು, ಕೊನೆಗೆ ಅವರು ಕೈಯಲ್ಲಿ ಹಿಡಿದು ಮರಳಿದ್ದು ಕೆಮ್ಮಿನ ಮಿಕ್ಸ್‌ಚರಿನ ಸೀಸೆ. ಕ್ಷಯದ ಔಷಧಿಯಲ್ಲ. ಅವರ ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ.

ಜನ ಬಂದಿದ್ದರು. ಅವರನ್ನು ಕಾಣದೇ ಹೋದದ್ದು ಆಸ್ಪತ್ರೆ.

ಮನೋವಿಜ್ಞಾನ ಮತ್ತು ಆರೋಗ್ಯದ ಇತಿಹಾಸ ಬರೆಯುವವರು ಹಾಕ್‌ಬಾಮ್ ಅವರ ಅಧ್ಯಯನಕ್ಕೆ ಕೊಡುವ ಜಾಗವನ್ನು ತುಮಕೂರಿನ ಅಧ್ಯಯನಕ್ಕೆ ಕೊಟ್ಟದ್ದು ಕಡಿಮೆ. ಕೊಡಬೇಕಿತ್ತು. ಏಕೆಂದರೆ 'ಆರೋಗ್ಯ ನಡವಳಿಕೆ' ಎಂಬ ಮಾತು ರೋಗಿಗೆ ಮಾತ್ರ ಸೇರಿದ್ದಲ್ಲ ಎಂದು ಅದು ತೋರಿಸಿತು. ಮೇಜಿನ ಆಚೆ ಕೂತವರಿಗೂ ನಡವಳಿಕೆ ಇದೆ, ಅಭ್ಯಾಸಬಲ ಇದೆ, ನಂಬಿಕೆಗಳಿವೆ. ದಿನಕ್ಕೆ ನೂರು ಕೆಮ್ಮು ಕೇಳುವ ಕಿವಿಗೆ ನೂರಾ ಒಂದನೆಯದೂ ಸಾಧಾರಣ ಕೆಮ್ಮೇ ಆಗಿ ಕೇಳಿಸುತ್ತದೆ. ಹಳ್ಳಿಯವರಿಗೆ ಕ್ಷಯ ಬಾರದು ಎಂದು ನಂಬಿದ್ದ ವೈದ್ಯ ತನ್ನ ಮುಂದೆ ನಿಂತ ಹಳ್ಳಿಯವನಲ್ಲಿ ಕ್ಷಯವನ್ನು ಹುಡುಕುವುದಾದರೂ ಹೇಗೆ? ಹಾಕ್‌ಬಾಮ್ ಅವರು ಜನರಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲಿ ವೈದ್ಯರಿಗೆ ಕೇಳಬೇಕಾಗಿತ್ತು: ನಿಮ್ಮ ಸರದಿಯಲ್ಲಿ ನಿಂತವನಿಗೆ ಕ್ಷಯ ಇರಬಹುದು ಎಂದು ನಿಮಗೆ ಅನ್ನಿಸುತ್ತದೆಯೇ?

ಹಾಗೆಂದು ಅಮೆರಿಕದ ಅಧ್ಯಯನ ತಪ್ಪು, ತುಮಕೂರಿನದು ಸರಿ ಎನ್ನುವಂತಿಲ್ಲ. ಹಾಕ್‌ಬಾಮ್ ಮಾತನಾಡಿಸಿದ್ದು ಮೈಯಲ್ಲಿ ಯಾವ ತೊಂದರೆಯನ್ನೂ ಕಾಣದವರನ್ನು. ಬ್ಯಾನರ್ಜಿ ಮಾತನಾಡಿಸಿದ್ದು ಕೆಮ್ಮುತ್ತಿದ್ದವರನ್ನು. ಮೊದಲನೆಯವರನ್ನು ಕರೆತರಲು ನಂಬಿಕೆ ಹುಟ್ಟಿಸಬೇಕು, ಎರಡನೆಯವರಿಗೆ ಬಾಗಿಲು ತೆರೆದರೆ ಸಾಕು. ಬಡ ದೇಶವೊಂದು ಇದ್ದಷ್ಟು ಹಣದಲ್ಲಿ ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ತುಮಕೂರು ಉತ್ತರ ಕೊಟ್ಟಿತು.

ಆ ಉತ್ತರ, ಅಚ್ಚಾಗುವ ಮೊದಲೇ, ದೇಶದ ನೀತಿಯೇ ಆಯಿತು. 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ದುಬಾರಿ ಎಕ್ಸ್‌ರೇ ವ್ಯಾನುಗಳನ್ನು ನೆಚ್ಚಲಿಲ್ಲ. ಕೆಮ್ಮಿಕೊಂಡು ತಾವಾಗಿ ಬರುವವರನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಗುರುತಿಸಿ, ಕಫವನ್ನು ಸೂಕ್ಷ್ಮದರ್ಶಕದಡಿ ನೋಡಿ, ಮಾತ್ರೆ ಕೊಟ್ಟು ಮನೆಗೆ ಕಳಿಸುವುದು ಅದರ ಮೂಲ ಕ್ರಮ. ಜನರ 'ಅನುಭವಕ್ಕೆ ಬಂದ ಅಗತ್ಯ' ಎಂಬ ಪದ ಸಂಸ್ಥೆಯವರ ಬಾಯಲ್ಲಿ ನೆಲೆಯಾಯಿತು. ಬರಿಯ ಕಫ ಪರೀಕ್ಷೆಯಿಂದಲೇ ಒಂದು ಜಿಲ್ಲೆಯಲ್ಲಿ ಎಷ್ಟು ರೋಗಿಗಳನ್ನು ಹಿಡಿಯಬಹುದು ಎಂಬುದನ್ನು ಅದೇ ಸಂಸ್ಥೆಯ ಜಿ.ವಿ.ಜೆ. ಬೈಲಿ ಮತ್ತು ಸಂಗಡಿಗರು 1967ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಭಾರತದ ಈ ಕ್ಷಯ ಕಾರ್ಯಕ್ರಮದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ವರ್ಷಗಳ ಕಾಲ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್‌ಡನ್ ಮಾಲರ್ 1973ರಲ್ಲಿ ಆ ಸಂಸ್ಥೆಯ ಮಹಾನಿರ್ದೇಶಕರಾದರು. ಪ್ರಾಥಮಿಕ ಆರೋಗ್ಯ ಎಂಬ ಕಲ್ಪನೆಯನ್ನು ಜಗತ್ತಿನ ಮುಂದಿಟ್ಟ 1978ರ ಆಲ್ಮಾ ಅಟಾ ಸಮಾವೇಶ ನಡೆದದ್ದು ಅವರ ಕಾಲದಲ್ಲೇ.

ರೋಗಿ ಸಿಗುವ ಕಥೆ ಇದಾದರೆ, ಸಿಕ್ಕವನು ಮಾತ್ರೆ ನುಂಗುವ ಕಥೆ ಇನ್ನೂ ಕಠಿಣ.

ಮದರಾಸಿನಲ್ಲಿ ಫಾಕ್ಸ್ ಮತ್ತು ಸಂಗಡಿಗರು ಇದನ್ನು ಬಲು ಬೇಗ ಕಂಡುಕೊಂಡಿದ್ದರು. ಆ ಕಾಲದ ಚಿಕಿತ್ಸೆಯಲ್ಲಿ ಐಸೋನಿಯಾಜಿಡ್ ಜೊತೆಗೆ ಪಿ.ಎ.ಎಸ್. ಎಂಬ ಔಷಧಿಯನ್ನು ದಿನಕ್ಕೆ ಗ್ರಾಮುಗಟ್ಟಲೆ ನುಂಗಬೇಕಿತ್ತು. ಹೊಟ್ಟೆ ತೊಳಸುತ್ತಿತ್ತು, ಬಾಯಿ ಕೆಡುತ್ತಿತ್ತು. ಕೇಂದ್ರಕ್ಕೆ ಬಂದ ರೋಗಿಯನ್ನು ಕೇಳಿದರೆ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ ಎನ್ನುವುದು ಸಾಮಾನ್ಯ. ಹೇಳದೆ ಕೇಳದೆ ಮನೆಗೆ ಹೋಗಿ ಡಬ್ಬಿಯ ಮಾತ್ರೆ ಎಣಿಸಿದಾಗ, ಮೂತ್ರದಲ್ಲಿ ಔಷಧಿಯ ಅಂಶ ಇದೆಯೇ ಎಂದು ನೋಡಿದಾಗ ಬೇರೆಯೇ ಕಥೆ ಹೊರಬರುತ್ತಿತ್ತು. ರೋಗಿಯ ಕೈಗೆ ಔಷಧಿ ಕೊಟ್ಟು ಕಳಿಸುವುದರಲ್ಲೇ ಒಂದು ದೊಡ್ಡ ಸಮಸ್ಯೆ ಇದೆ ಎಂದು ಫಾಕ್ಸ್ 1958ರಷ್ಟು ಹಿಂದೆಯೇ ಬರೆದರು.

ರೋಗಿ ಸುಳ್ಳು ಹೇಳುತ್ತಾನೆ ಎಂದು ಇದನ್ನು ಓದಿದರೆ ತಪ್ಪಾಗುತ್ತದೆ. ಎರಡು ಮೂರು ತಿಂಗಳ ಮಾತ್ರೆಗೆ ಕೆಮ್ಮು ನಿಲ್ಲುತ್ತದೆ, ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ, ಮೈ ತುಂಬಿಕೊಳ್ಳುತ್ತದೆ. ಗುಣವಾದ ಮೇಲೂ ಔಷಧಿ ಏಕೆ? ಮನುಷ್ಯರು ರೋಗವನ್ನು ಅಳೆಯುವುದು ತಮ್ಮ ಮೈ ಹೇಳುವ ಮಾತಿನಿಂದ. ಹಾಕ್‌ಬಾಮ್ ಅವರ ಜೊತೆಗೆ ದುಡಿದ ಕಿರಿಯ ಮನೋವಿಜ್ಞಾನಿ ಹವರ್ಡ್ ಲೆವೆಂಥಾಲ್ ಇದನ್ನೇ ಮುಂದೆ ಸಿದ್ಧಾಂತವಾಗಿ ಬೆಳೆಸಿದರು. ರಕ್ತದೊತ್ತಡದ ರೋಗಿಗಳ ಬಗ್ಗೆ ಅವರೂ ಸಂಗಡಿಗರೂ 1985ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯಬೇಕಾದ್ದು. ಬಿ.ಪಿ. ಏರಿದ್ದು ಮನುಷ್ಯರಿಗೆ ತಿಳಿಯುವುದಿಲ್ಲ ಎಂದು ಬಹುಪಾಲು ರೋಗಿಗಳು ಒಪ್ಪಿದರು. ತಮಗೆ ಮಾತ್ರ ತಿಳಿಯುತ್ತದೆ ಎಂದೂ ಬಹುಪಾಲು ಮಂದಿ ಹೇಳಿದರು, ತಲೆನೋವಿನಿಂದಲೋ, ಮುಖ ಬಿಸಿಯಾಗುವುದರಿಂದಲೋ. ಆ ಗುರುತು ಕಾಣದ ದಿನ ಮಾತ್ರೆ ಕೈಬಿಡುವುದು ಅವರಿಗೆ ಸಹಜವಾಗಿತ್ತು. ಕ್ಷಯದ ಮಾತ್ರೆಯನ್ನು ಮೂರನೆಯ ತಿಂಗಳಿಗೆ ನಿಲ್ಲಿಸಿದ ರೈತನ ಲೆಕ್ಕವೂ ಇದೇ. ಅವನನ್ನು ಆಸ್ಪತ್ರೆಯ ದಾಖಲೆಗಳು ಸಾಲ ತೀರಿಸದವನಂತೆ 'ಡಿಫಾಲ್ಟರ್' ಎಂದು ಕರೆದವು. ದಶಕಗಳ ಕಾಲ ಉಳಿದ ಆ ಪದ ಬಹಳ ಜನರಿಗೆ ನೋವು ಕೊಟ್ಟಿತು.

ಲೆವೆಂಥಾಲ್ ಅವರ ಇನ್ನೊಂದು ಪ್ರಯೋಗ ಪುಟ್ಟದು, ಆದರೆ ಆಸ್ಪತ್ರೆ ನಡೆಸುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. 1965ರಲ್ಲಿ ಪ್ರಕಟವಾದ ಅದು ನಡೆದದ್ದು ಯೇಲ್ ವಿಶ್ವವಿದ್ಯಾಲಯದಲ್ಲಿ. ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಿಗೆ ಕೊಟ್ಟರು. ಕೆಲವರಿಗೆ ಎದೆ ನಡುಗಿಸುವ ಚಿತ್ರಗಳಿದ್ದದ್ದು, ಕೆಲವರಿಗೆ ಸೌಮ್ಯವಾದದ್ದು. ಹೆದರಿದವರು ಚುಚ್ಚುಮದ್ದು ಅಗತ್ಯ ಎಂದು ಜೋರಾಗಿಯೇ ಒಪ್ಪಿದರು. ಆದರೆ ಹೋಗಿ ಚುಚ್ಚಿಸಿಕೊಂಡವರು ನೂರಕ್ಕೆ ಮೂರು. ಇನ್ನು ಕೆಲವರಿಗೆ ಹೊತ್ತಿಗೆಯ ಜೊತೆ ಆವರಣದ ನಕ್ಷೆ ಕೊಟ್ಟು, ಆರೋಗ್ಯ ಕೇಂದ್ರಕ್ಕೆ ಗುರುತು ಹಾಕಿ, ಯಾವ ದಿನ ಯಾವ ಹೊತ್ತಿಗೆ ಆ ಕಡೆ ಹೋಗುವಿರಿ ಎಂದು ಯೋಚಿಸಲು ಹೇಳಲಾಯಿತು. ಅವರಲ್ಲಿ ನೂರಕ್ಕೆ 28 ಮಂದಿ ಹೋದರು. ಕೇಂದ್ರ ಎಲ್ಲಿದೆ ಎಂದು ಆ ವಿದ್ಯಾರ್ಥಿಗಳಿಗೆ ಮೊದಲೇ ಗೊತ್ತಿತ್ತು. ನಕ್ಷೆ ಅವರಿಗೆ ಹೊಸ ಮಾಹಿತಿ ಕೊಡಲಿಲ್ಲ, ಮನಸ್ಸಿಗೂ ಕಾಲಿಗೂ ನಡುವೆ ದಾರಿ ಹಾಕಿಕೊಟ್ಟಿತು. ತಲೆಬುರುಡೆಯ ಚಿತ್ರ ಬರೆಸಿ ಹೆದರಿಸುವುದೇ ಆರೋಗ್ಯ ಪ್ರಚಾರ ಎಂದು ಬಗೆದ ಕಡೆಯೆಲ್ಲ ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಬೇಕು.

ಇತ್ತ ಭಾರತದ ಕಾರ್ಯಕ್ರಮ ಕಾಗದದ ಮೇಲೆ ಇದ್ದಷ್ಟು ಗಟ್ಟಿಯಾಗಿ ನೆಲದ ಮೇಲೆ ನಿಲ್ಲಲಿಲ್ಲ. ಹಣ ಸಾಲದು, ಔಷಧಿ ನಡುನಡುವೆ ಮುಗಿದುಹೋಗುವುದು, ಆರೋಗ್ಯ ಕಾರ್ಯಕರ್ತರು ಕುಟುಂಬ ಯೋಜನೆಯ ಗುರಿಗಳ ಬೆನ್ನು ಹತ್ತುವುದು. 1992ರ ಪರಾಮರ್ಶೆಯ ಹೊತ್ತಿಗೆ ಚಿಕಿತ್ಸೆ ಶುರುಮಾಡಿದವರಲ್ಲಿ ಅರ್ಧದಷ್ಟು ಮಂದಿಯೂ ಅದನ್ನು ಪೂರೈಸುತ್ತಿರಲಿಲ್ಲ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ತಂಡ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು 1960ರ ದಶಕದಲ್ಲಿ ಐದು ವರ್ಷ ಹಿಂಬಾಲಿಸಿ ಕಂಡದ್ದನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು: ಕಫದಲ್ಲಿ ರೋಗಾಣು ಇದ್ದವರಲ್ಲಿ ಐದು ವರ್ಷದ ಕೊನೆಗೆ ನೂರಕ್ಕೆ 49 ಮಂದಿ ಬದುಕಿರಲಿಲ್ಲ. ಚಿಕಿತ್ಸೆ ತಪ್ಪಿದರೆ ಆಗುವುದು ಇದು.

1997ರಿಂದ ಜಾರಿಗೆ ಬಂದು 2006ರಲ್ಲಿ ದೇಶವನ್ನೆಲ್ಲ ಆವರಿಸಿದ 'ಡಾಟ್ಸ್' ಪದ್ಧತಿ ಮದರಾಸಿನ ಹಳೆಯ ಪಾಠಕ್ಕೆ ಒಂದು ಉತ್ತರ. ರೋಗಿ ಕಾರ್ಯಕರ್ತರ ಕಣ್ಣೆದುರೇ ಮಾತ್ರೆ ನುಂಗಬೇಕು. ಇದರಿಂದ ಲಕ್ಷಾಂತರ ಜನ ಗುಣವಾದರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮಾತ್ರೆಗಾಗಿ ವಾರಕ್ಕೆ ಮೂರು ದಿನ ಕೆಲಸ ಬಿಟ್ಟು ಹೋಗಬೇಕಾದ ಕೂಲಿಯವರಿಗೆ, ಅತ್ತೆ ಮನೆಯಲ್ಲಿ ಕಾಯಿಲೆ ಬಚ್ಚಿಟ್ಟ ಸೊಸೆಗೆ ಆ ಕಣ್ಣು ಭಾರವಾಗಿತ್ತು. ಆಮೇಲೆ ಬಂದದ್ದು ಮಿಸ್ಡ್ ಕಾಲ್. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರೂಪುಗೊಂಡ '99ಡಾಟ್ಸ್' ಎಂಬ ವ್ಯವಸ್ಥೆಯಲ್ಲಿ ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಆ ನಂಬರಿಗೆ ಕರೆ ಹೋದರೆ ಅವತ್ತಿನ ಮಾತ್ರೆ ಹೊಟ್ಟೆ ಸೇರಿತು ಎಂಬ ಲೆಕ್ಕ. ಕಾಸು ಖರ್ಚಿಲ್ಲದೆ ಸುದ್ದಿ ಮುಟ್ಟಿಸುವ ನಮ್ಮ ಜನರ ಅಭ್ಯಾಸವನ್ನೇ ಚಿಕಿತ್ಸೆಗೆ ಬಳಸಿಕೊಂಡ ಜಾಣ ಯೋಚನೆ. ಆದರೆ ರೋಗಿಗಳ ಮೂತ್ರ ಪರೀಕ್ಷಿಸಿ ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಕರೆಯ ಲೆಕ್ಕಕ್ಕೂ ಮಾತ್ರೆಯ ಲೆಕ್ಕಕ್ಕೂ ಸಾಕಷ್ಟು ಅಂತರ ಕಂಡಿತು. ಕರೆ ಮಾಡಿದವರೆಲ್ಲ ನುಂಗಿರಲಿಲ್ಲ, ನುಂಗಿದವರೆಲ್ಲ ಕರೆ ಮಾಡಿರಲಿಲ್ಲ. ಅರವತ್ತು ವರ್ಷದ ನಂತರವೂ ನಿಜ ಹೇಳಿದ್ದು ಮದರಾಸಿನ ಆ ಹಳೆಯ ಮೂತ್ರ ಪರೀಕ್ಷೆಯೇ.

ಎಲ್ಲವನ್ನೂ ಮನಸ್ಸಿಗೆ ಕಟ್ಟಿಹಾಕುವುದೂ ತಪ್ಪೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಝಾರ್ಖಂಡಿನಲ್ಲಿ ಕ್ಷಯ ರೋಗಿಗಳ ಮನೆಗಳಿಗೆ ತಿಂಗಳು ತಿಂಗಳು ಆಹಾರದ ಚೀಲ ಕೊಟ್ಟು ನೋಡಿದರು. 2023ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಹೆಚ್ಚು ಆಹಾರ ಸಿಕ್ಕ ಮನೆಗಳಲ್ಲಿ ಉಳಿದವರಿಗೆ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಅಕ್ಕಿ, ಬೇಳೆ, ಹಾಲಿನ ಪುಡಿ ಮಾಡಿದ ಕೆಲಸವನ್ನು ಯಾವ ಉಪದೇಶವೂ ಮಾಡಲಾರದು.

ಮತ್ತೆ ಸೀಸೆಯ ಮಾತಿಗೆ ಬರಬೇಕು. 2014ರಲ್ಲಿ ದೆಹಲಿಯಲ್ಲಿ ತರಬೇತಿ ಪಡೆದ ಕೆಲವರು ಕ್ಷಯ ರೋಗಿಗಳಂತೆ ನಟಿಸುತ್ತ ನಗರದ ಖಾಸಗಿ ವೈದ್ಯರ ಬಳಿ ಹೋದರು. ವಾರಗಟ್ಟಲೆಯ ಕೆಮ್ಮು, ಜ್ವರ ಎಂದು ಹೇಳಿಕೊಂಡರು. ಒಟ್ಟು 250 ಭೇಟಿಗಳಲ್ಲಿ ಸರಿಯಾದ ಕ್ರಮ ಅನುಸರಿಸಿದ್ದು ನೂರಕ್ಕೆ 21ರಲ್ಲಿ ಮಾತ್ರ. ಉಳಿದ ಕಡೆ ಬೇರೆ ಬೇರೆ ಔಷಧಿಗಳು ಸಿಕ್ಕವು. ತುಮಕೂರಿನ ಸರ್ಕಾರಿ ಸೀಸೆ ಐವತ್ತು ವರ್ಷದಲ್ಲಿ ರೂಪ ಬದಲಿಸಿ ಖಾಸಗಿ ಚೀಟಿಯಾಗಿತ್ತು.

ಇನ್ನೊಂದು ಕಡೆ ಜನರ ನಡವಳಿಕೆಯೂ 1963ರಲ್ಲಿ ಇದ್ದಂತೆಯೇ ಉಳಿದಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕ್ಷಯದ ಲಕ್ಷಣಗಳಿದ್ದವರ ಪೈಕಿ ನೂರಕ್ಕೆ 64ರಷ್ಟು ಮಂದಿ ಯಾವ ವೈದ್ಯರ ಬಳಿಗೂ ಹೋಗಿರಲಿಲ್ಲ. ಏಕೆ ಎಂದು ಕೇಳಿದರೆ ಮೂರರಲ್ಲಿ ಇಬ್ಬರ ಉತ್ತರ, ಕೆಮ್ಮನ್ನು ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ ಎಂಬುದು. ತುಮಕೂರಿನಲ್ಲಿ ಕೇಳಿದ್ದು ರೋಗ ಖಚಿತವಾದವರನ್ನು, ಇಲ್ಲಿ ಲಕ್ಷಣವಿದ್ದ ಎಲ್ಲರನ್ನು. ಹಾಗಾಗಿ ಎರಡನ್ನೂ ನೇರ ತಕ್ಕಡಿಗೆ ಹಾಕಲಾಗದು. ಆದರೂ ಹಾಕ್‌ಬಾಮ್ ಅವರ ಹಳೆಯ ಪ್ರಶ್ನೆಗೆ ಮತ್ತೆ ಜೀವ ಬಂದಿದೆ ಎನ್ನುವುದಕ್ಕೆ ಇಷ್ಟು ಸಾಕು. ಅದೇ ಸಮೀಕ್ಷೆ ಇನ್ನೊಂದನ್ನೂ ಹೇಳಿತು: ಎಕ್ಸ್‌ರೇ ತೆಗೆಯದೆ ಬರಿಯ ಲಕ್ಷಣ ಕೇಳಿ ಬಿಟ್ಟಿದ್ದರೆ ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ 43ರಷ್ಟು ಮಂದಿ ಕೈತಪ್ಪುತ್ತಿದ್ದರು. ಹೀಗಾಗಿ 2024ರ ಡಿಸೆಂಬರಿನಲ್ಲಿ ಶುರುವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಎಕ್ಸ್‌ರೇ ಮತ್ತೆ ಊರ ಬಾಗಿಲಿಗೆ ಬಂತು, ಈ ಬಾರಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ.

ಆ ಯಂತ್ರದ ಮುಂದೆ ನಿಲ್ಲಲು ಆಶಾ ಕಾರ್ಯಕರ್ತೆ ಕರೆದರೆ ಕೆಮ್ಮಿಲ್ಲದವರೂ ಹೋಗಿ ನಿಲ್ಲಬೇಕು. ಮನೆಯಲ್ಲಿ ಯಾರದೇ ಕೆಮ್ಮು ಎರಡು ವಾರ ದಾಟಿದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುವ ದಿನವನ್ನೂ ಹೊತ್ತನ್ನೂ ಅವತ್ತೇ ಗೊತ್ತುಮಾಡಿಕೊಳ್ಳಿ. ಅಲ್ಲಿ ಕಫ ಪರೀಕ್ಷೆಗೂ ಔಷಧಿಗೂ ಹಣ ಕೊಡಬೇಕಿಲ್ಲ. ಬರಿಯ ಸಿರಪ್ ಬರೆದುಕೊಟ್ಟರೆ ಎದ್ದು ಬರಬೇಡಿ, ಕಫ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.